ಮುರಿದ ಸಾಲು ಹುಡುಕಿದ 48 ದಿನ: ಎಸ್ಸೆಸ್ಸೆಲ್ಸಿ ಬೀಜಗಣಿತದಲ್ಲಿ ನನ್ನ ಅನುಭವ

2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ನಮ್ಮ ಶಾಲೆಯಿಂದ 41 ಮಕ್ಕಳು ಗಣಿತ ಬರೆದರು. 35 ಮಕ್ಕಳು ಪಾಸಾದರು. ಹಿಂದಿನ ವರ್ಷ 38ರಲ್ಲಿ 17 ಮಕ್ಕಳು ಗಣಿತದಲ್ಲೇ ಫೇಲಾಗಿದ್ದರು. ಪಾವಗಡ ತಾಲ್ಲೂಕಿನ ಗಡಿ ಹಳ್ಳಿ ನಮ್ಮದು. ಮಕ್ಕಳು ಮನೆಯಲ್ಲಿ ತೆಲುಗು ಮಾತಾಡುತ್ತಾರೆ, ಶಾಲೆಗೆ ಬಂದು ಕನ್ನಡದಲ್ಲಿ ಲೆಕ್ಕ ಮಾಡುತ್ತಾರೆ. ಇಂಥ ಕಡೆ ಗಣಿತ ಹೇಳಿಕೊಟ್ಟವರಿಗೆ ಈ ಅಂಕಿಯ ತೂಕ ಗೊತ್ತಾಗುತ್ತದೆ. ನಾನು ಮಾಡಿದ್ದು ಬೀಜಗಣಿತದ ರಿವಿಜನ್ ವಿಧಾನ ಬದಲಿಸಿದ್ದು, ಅಷ್ಟೇ. ಮಾಡುವಾಗ ಯಾರೂ ಒಪ್ಪಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಸೋತ ಕತೆ. 2022ರಲ್ಲಿ ನಾನೇ ನೋಟ್ಸ್ ಮಾಡಿ ಪ್ರಿಂಟ್ ಹಾಕಿಸಿದೆ. ಬಹುಪದೋಕ್ತಿ, ಎರಡು ಚರಾಕ್ಷರದ ಸಮೀಕರಣ, ವರ್ಗ ಸಮೀಕರಣ, ಸಮಾಂತರ ಶ್ರೇಢಿ, ನಾಲ್ಕೂ ಪಾಠಕ್ಕೆ ಸೇರಿ ಸುಮಾರು 70 ಪುಟ. 45 ಪ್ರತಿಗೆ ನನ್ನ ಕೈಯಿಂದ ಆರು ಸಾವಿರದ ಹತ್ತಿರ ಹೋಯಿತು. ಮಕ್ಕಳು ಅದಕ್ಕೆ ಚೆನ್ನಾಗಿ ಬೈಂಡ್ ಹಾಕಿದರು, ಹೆಸರು ಬರೆದರು. ಒಳಗೆ ಓದಿದವರು ಏಳೆಂಟು ಜನ. ಅವರು ಹೇಗಿದ್ದರೂ ಪಾಸಾಗುವವರು.

ಮರುವರ್ಷ ಒಂದು ಟ್ಯಾಬ್ ತಗೊಂಡೆ. ಹನ್ನೊಂದು ಸಾವಿರ. ಸಂಜೆ ವಿಶೇಷ ತರಗತಿಯಲ್ಲಿ ವಿಡಿಯೋ ತೋರಿಸಿದೆ. ನೋಡುವಾಗ ಎಲ್ಲರಿಗೂ ಅರ್ಥವಾಗುತ್ತದೆ. ‘ಗೊತ್ತಾಯ್ತು ಮಿಸ್’ ಅನ್ನುತ್ತಾರೆ. ಅದೇ ಲೆಕ್ಕ ಮರುದಿನ ಕೊಟ್ಟರೆ ಎರಡನೇ ಸಾಲಿಗೇ ನಿಂತುಬಿಡುತ್ತಾರೆ. ಆಮೇಲೆ ಎಲ್ಲರಂತೆ ಪಾಸಿಂಗ್ ಪ್ಯಾಕೇಜ್ ಹಿಡಿದೆ. ಪ್ರಮೇಯ ಬಾಯಿಪಾಠ, ನಕ್ಷೆ, ಸರಾಸರಿ, ಅದೇ ಹತ್ತು ಹನ್ನೆರಡು ಪ್ರಶ್ನೆ. 80ಕ್ಕೆ 28 ದಾಟಿದರೆ ಸಾಕು ಅನ್ನುವ ಲೆಕ್ಕ. 2024ರಲ್ಲಿ ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್, ಅಂದರೆ ಕ್ಯಾಮೆರಾದ ನೇರ ನಿಗಾ ಬಂತು. 20 ಪರ್ಸೆಂಟ್ ಗ್ರೇಸ್ ಕೊಟ್ಟ ಮೇಲೂ ಇಡೀ ರಾಜ್ಯದ ಫಲಿತಾಂಶ ಹತ್ತು ಪರ್ಸೆಂಟ್ ಇಳಿಯಿತು. ನಮ್ಮದು ಇನ್ನೂ ಕೆಳಗೆ ಹೋಯಿತು. ಆಗ 17 ಮಕ್ಕಳ ಮನೆಗೂ ಹೋಗಿ ಬಂದೆ. ಫೇಲಾದವರು ಮತ್ತೆ ಬರೆಯಬಹುದಾದ ಪರೀಕ್ಷೆ-2ಕ್ಕೆ ಕಟ್ಟಿಸಲು ಒಪ್ಪಿಸಬೇಕಿತ್ತು. ಒಬ್ಬ ಹುಡುಗ ಆಗಲೇ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬಿಟ್ಟಿದ್ದ. ಅವನ ತಾಯಿ ನನಗೆ ಕಾಫಿ ಕೊಟ್ಟು ಕಳಿಸಿದರು. ಆ ಕಾಫಿ ನನಗೆ ಇವತ್ತಿಗೂ ನೆನಪಿದೆ.

2025ರ ಜನವರಿಯಲ್ಲಿ ಪೂರ್ವಸಿದ್ಧತಾ ಪರೀಕ್ಷೆ ಮುಗಿಯಿತು. ಉತ್ತರ ಪತ್ರಿಕೆ ತಿದ್ದುವಾಗ ಈ ಸಲ ಅಂಕ ಹಾಕುವುದರ ಜೊತೆ ಇನ್ನೊಂದು ಕೆಲಸ ಮಾಡಿದೆ. ಪ್ರತಿ ತಪ್ಪು ಲೆಕ್ಕದಲ್ಲೂ ಯಾವ ಸಾಲಿನಲ್ಲಿ ಮೊದಲು ಮುರಿದಿದೆ ಅಂತ ಹಸಿರು ಪೆನ್ನಿನಿಂದ ಗೆರೆ ಎಳೆದೆ. ಬೀಜಗಣಿತದ್ದು ಮಾತ್ರ. ನಾಲ್ಕು ರಾತ್ರಿ ಹಿಡಿಯಿತು. ಒಟ್ಟು 300ರ ಹತ್ತಿರ ಮುರಿದ ಸಾಲು ಸಿಕ್ಕವು. ಅದರಲ್ಲಿ 210, 215 ಸಾಲು ಐದೇ ಐದು ಜಾಗದಲ್ಲಿ ಮುರಿದಿದ್ದವು. ಒಂದೂ ಹತ್ತನೇ ತರಗತಿಯ ವಿಷಯವಲ್ಲ!

ಮೊದಲನೆಯದು ಮೈನಸ್ ಮುಂದಿನ ಆವರಣ. 5 − (ಎಕ್ಸ್ − 3) ಅಂದರೆ 8 − ಎಕ್ಸ್ ಆಗಬೇಕು. ಮಕ್ಕಳು 2 − ಎಕ್ಸ್ ಬರೆಯುತ್ತಾರೆ. ಎರಡನೆಯದು ವರ್ಜಿಸುವ ವಿಧಾನದಲ್ಲಿ ಕಳೆಯುವಾಗ. 3ಎಕ್ಸ್ + 2ವೈ = 11, 3ಎಕ್ಸ್ − 4ವೈ = 5. ಕಳೆದರೆ 6ವೈ = 6. ಅರ್ಧ ಕ್ಲಾಸು −2ವೈ = 6 ಅಂತ ಬರೆದಿತ್ತು. ವಿಧಾನ ಪೂರ್ತಿ ಗೊತ್ತು, ಕೆಳಗಿನ ಸಾಲಿನ ಚಿಹ್ನೆ ಬದಲಿಸುವುದು ಮಾತ್ರ ಬಿಟ್ಟು ಹೋಗುತ್ತದೆ. ಮೂರನೆಯದು ಭಿನ್ನರಾಶಿ. ಎಕ್ಸ್/2 + 3 = ಎಕ್ಸ್/3 + 5 ಕೊಟ್ಟರೆ ಲಸಾಅ 6ರಿಂದ ಎಕ್ಸ್ ಇರುವ ಪದಗಳನ್ನು ಮಾತ್ರ ಗುಣಿಸುತ್ತಾರೆ. 3ನ್ನೂ 5ನ್ನೂ ಹಾಗೇ ಇಳಿಸುತ್ತಾರೆ. 12 ಬರಬೇಕಾದ ಕಡೆ 2 ಬರುತ್ತದೆ. ನಾಲ್ಕನೆಯದು ಋಣ ಸಂಖ್ಯೆಯನ್ನು ಸೂತ್ರಕ್ಕೆ ಆವರಣವಿಲ್ಲದೆ ಹಾಕುವುದು. 20, 17, 14 ಶ್ರೇಢಿಯ ಹತ್ತನೇ ಪದ 20 + 9 × (−3) = −7. ಮಕ್ಕಳು 20 + 9 − 3 = 26 ಅಂತ ಬರೆದು ಅಡಿಗೆರೆ ಎಳೆದಿದ್ದರು. ಇಳಿಯುವ ಶ್ರೇಢಿ 26ಕ್ಕೆ ಹೇಗೆ ಹತ್ತಿತು ಅಂತ ಒಬ್ಬರೂ ನೋಡಿಲ್ಲ.

ಐದನೆಯದೇ ದೊಡ್ಡದು. ವರ್ಗ ಸಮೀಕರಣದಲ್ಲಿ ಬಿ, ಅಂದರೆ ಎಕ್ಸ್ ಜೊತೆಗಿನ ಸಂಖ್ಯೆ, ಋಣವಾದಾಗ. 2ಎಕ್ಸ್² − 5ಎಕ್ಸ್ + 3 = 0. ಬಿ ಸ್ಕ್ವೇರ್ ಅಂದರೆ −25 ಅಂತ ಬರೆಯುತ್ತಾರೆ. ಶೋಧಕ, ಅಂದರೆ ಬಿ² − 4ಎಸಿ, 1 ಆಗುವ ಬದಲು −49 ಆಗುತ್ತದೆ. ‘ಆದ್ದರಿಂದ ವಾಸ್ತವ ಮೂಲಗಳಿಲ್ಲ’ ಅಂತ ತುಂಬಾ ಧೈರ್ಯವಾಗಿ ಮುಗಿಸುತ್ತಾರೆ. ಪಾಠ ಚೆನ್ನಾಗಿ ಕಲಿತ ಮಗುವೇ ಹೀಗೆ ಬರೆಯುತ್ತದೆ ಅನ್ನೋದು ನನಗೆ ಬಹಳ ನೋವು ಕೊಟ್ಟಿತು. ಶೋಧಕ ಸೊನ್ನೆಗಿಂತ ಕಡಿಮೆಯಾದರೆ ಏನು ಅಂತ ಅದಕ್ಕೆ ಗೊತ್ತು. −5ರ ವರ್ಗ ಗೊತ್ತಿಲ್ಲ.

ಹಾಗಾಗಿ ಪರೀಕ್ಷೆಗೆ ಉಳಿದ 48 ದಿನ ಹೊಸ ಲೆಕ್ಕ ಮಾಡಿಸಬಾರದು, ಈ ಐದು ಜಾಗ ಮಾತ್ರ ಸರಿ ಮಾಡಬೇಕು ಅಂತ ನಿರ್ಧರಿಸಿದೆ. ಸಮಾಲೋಚನಾ ಸಭೆಯಲ್ಲಿ ಹೇಳಿದಾಗ ಹಿರಿಯರೊಬ್ಬರು, ‘ಮೇಡಂ, ಪರೀಕ್ಷೆ ತಲೆ ಮೇಲಿದೆ, ನೀವು ಏಳನೇ ಕ್ಲಾಸಿನ ಪಾಠ ಮಾಡ್ತೀನಿ ಅಂತೀರಲ್ಲ’ ಅಂದರು. ನಮ್ಮ ಹೆಡ್‌ಮಾಸ್ಟರ್ ಒಳ್ಳೆಯವರು, ಆದರೂ ಅವರಿಗೆ ಭಯ. ಪಾಸಿಂಗ್ ಪ್ಯಾಕೇಜ್ ಬಿಡಬೇಡಿ ಅಂತ ಮೂರು ಸಲ ಹೇಳಿದರು. ಸಂಜೆ ತರಗತಿಯಲ್ಲಿ ಅದನ್ನು ಮಾಡುತ್ತೇನೆ, ಬೆಳಗಿನ ಹೊತ್ತು ನನಗೆ ಬಿಡಿ ಅಂತ ಒಪ್ಪಿಸಿದೆ.

ವಿಧಾನ ಸರಳ. ಒಂದು ಎ-4 ಹಾಳೆಯನ್ನು ಎಂಟು ಚೀಟಿ ಮಾಡುವುದು. ಪ್ರತಿ ಚೀಟಿಯಲ್ಲಿ ಮೂರು ನಾಲ್ಕು ಸಾಲಿನ ಮಾಡಿಮುಗಿಸಿದ ಲೆಕ್ಕ. ಎಲ್ಲೋ ಒಂದು ಸಾಲು ಮುರಿದಿರುತ್ತದೆ. ಪ್ರಾರ್ಥನೆ ಮುಗಿದ ಕೂಡಲೇ 15 ನಿಮಿಷ, ಒಬ್ಬರಿಗೆ ಐದು ಚೀಟಿ. ಉತ್ತರ ಕೇಳುವುದಿಲ್ಲ. ಮುರಿದ ಸಾಲಿಗೆ ಗೆರೆ ಎಳೆದು, ಆ ಸಾಲು ಒಂದನ್ನೇ ಸರಿಯಾಗಿ ಬರೆಯಬೇಕು. ಪಕ್ಕದವರು ತಿದ್ದುತ್ತಾರೆ. ಮುಗೀತು.

ಮೊದಲ ವಾರವೇ ಎಡವಿದೆ. ಮಕ್ಕಳ ಪತ್ರಿಕೆಯಿಂದಲೇ ಮುರಿದ ಲೆಕ್ಕ ಕತ್ತರಿಸಿ ಜೆರಾಕ್ಸ್ ಮಾಡಿದ್ದೆ. ಅಕ್ಷರ ನೋಡಿದರೆ ಯಾರದ್ದು ಅಂತ ಎಲ್ಲರಿಗೂ ಗೊತ್ತಾಗುತ್ತದೆ, ಅಲ್ವಾ. ಒಬ್ಬ ಹುಡುಗಿ ಮೂರು ದಿನ ಶಾಲೆಗೆ ಬರಲಿಲ್ಲ. ಅವಳ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅಂದಿನಿಂದ ಎಲ್ಲ ಚೀಟಿಯನ್ನೂ ನಾನೇ ನನ್ನ ಅಕ್ಷರದಲ್ಲಿ ಬರೆದೆ. ರಾತ್ರಿ ಒಂದು ಗಂಟೆ ಜಾಸ್ತಿ ಕೆಲಸ, ಆದರೆ ಅದು ಆಗಲೇಬೇಕು.

ಎರಡನೇ ತೊಂದರೆ ಹತ್ತನೇ ದಿನಕ್ಕೆ ಕಾಣಿಸಿತು. ದಿನಾ ತಪ್ಪೇ ನೋಡಿ ನೋಡಿ ಕೆಲವರಿಗೆ ತಪ್ಪೇ ಅಭ್ಯಾಸವಾಗತೊಡಗಿತು. ಸರಿಯಾದ ಸಾಲನ್ನೂ ಅನುಮಾನದಿಂದ ಕೆಡಿಸುತ್ತಿದ್ದರು. ಆಗ ಐದರಲ್ಲಿ ಒಂದು ಚೀಟಿ ಪೂರ್ತಿ ಸರಿ ಇರುವಂತೆ ಮಾಡಿದೆ. ಯಾವುದು ಅಂತ ಹೇಳುವುದಿಲ್ಲ. ಅದರ ಮೇಲೆ ‘ಸರಿ’ ಅಂತ ಬರೆದು ಸಹಿ ಹಾಕಬೇಕು. ಈ ಸಹಿ ಹಾಕಿಸುವುದನ್ನು ಯಾರೂ ಬಿಡಬೇಡಿ. ಸಹಿ ಹಾಕುವ ಮುಂಚೆ ಮಗು ಇನ್ನೊಂದು ಸಲ ಮೇಲಿನಿಂದ ಓದುತ್ತದೆ. ಪರೀಕ್ಷೆಯ ಕೊನೆಯ ಹತ್ತು ನಿಮಿಷದಲ್ಲಿ ನಮಗೆ ಬೇಕಾಗಿದ್ದೂ ಅದೇ ಅಭ್ಯಾಸ.

25ನೇ ದಿನದಿಂದ ಪೂರ್ತಿ ಲೆಕ್ಕಕ್ಕೆ ಬಂದೆವು. ಚೀಟಿ ಮೂರಕ್ಕೆ ಇಳಿಯಿತು, ಜೊತೆಗೆ ಒಂದು ಹಳೆಯ ಪ್ರಶ್ನೆ ಪತ್ರಿಕೆಯ ಲೆಕ್ಕ. ಯಾವ ಚೀಟಿ ಯಾವ ಮಗುವಿಗೆ, ಎಷ್ಟನೇ ದಿನಕ್ಕೆ ಅದೇ ತಪ್ಪು ಮತ್ತೆ ತಿರುಗಿ ಬರಬೇಕು ಅನ್ನುವುದಕ್ಕೆ ನನ್ನದೇ ಒಂದು ಲೆಕ್ಕ ಇದೆ. ಫಲಿತಾಂಶದ ಅರ್ಧ ಅದರಲ್ಲೇ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಇನ್ನೂ ಎರಡು ಬ್ಯಾಚ್ ನೋಡಿ ಗಟ್ಟಿಯಾದ ಮೇಲೆ ಹೇಳುತ್ತೇನೆ. ಮಕ್ಕಳನ್ನು ಜೋಡಿ ಮಾಡಿದ್ದೂ ಅಂಕ ನೋಡಿ ಅಲ್ಲ, ತಪ್ಪು ನೋಡಿ. ಇಷ್ಟು ಸಾಕು, ಅನುಭವ ಇದ್ದವರಿಗೆ ಅರ್ಥವಾಗುತ್ತದೆ.

ಮಧ್ಯೆ ಬೇರೆ ಪ್ರಯೋಗಗಳೂ ನಡೆದವು. ನಮ್ಮ ಕಡೆ ಸೋಲಾರ್ ಪಾರ್ಕ್ ಇದೆ. ಜಮೀನು ಗುತ್ತಿಗೆ ಕೊಟ್ಟ ಮನೆಯ ಮಕ್ಕಳು ಕ್ಲಾಸಿನಲ್ಲಿದ್ದಾರೆ. ಎಕರೆಗೆ ವರ್ಷಕ್ಕೆ ಆರಂಭದಲ್ಲಿ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ 5 ಪರ್ಸೆಂಟ್ ಏರಿಕೆ. ಇದನ್ನೇ ಸಮಾಂತರ ಶ್ರೇಢಿಗೆ ಉದಾಹರಣೆ ಮಾಡೋಣ ಅಂತ ಉತ್ಸಾಹದಿಂದ ಬೋರ್ಡಿಗೆ ಹೋದೆ. 21,000, 22,050, ಆಮೇಲೆ 23,152 ರೂಪಾಯಿ 50 ಪೈಸೆ. ಮೊದಲ ವ್ಯತ್ಯಾಸ 1,050, ಎರಡನೆಯದು 1,102.50. ಸಮಾಂತರ ಶ್ರೇಢಿಯಲ್ಲಿ ಈ ವ್ಯತ್ಯಾಸ, ಅಂದರೆ ಡಿ, ಎಲ್ಲ ಕಡೆ ಒಂದೇ ಇರಬೇಕು. ಹಿಂದಿನ ಬೆಂಚಿನ ಹುಡುಗ ಎದ್ದು, ‘ಮಿಸ್, ಡಿ ಸಮ ಇಲ್ಲ, ಇದು ಶ್ರೇಢಿ ಅಲ್ಲ’ ಅಂದ. ಯೂನಿಟ್ ಟೆಸ್ಟಿನಲ್ಲಿ 25ಕ್ಕೆ 4 ತೆಗೆದ ಹುಡುಗ ಅವನು! ಸಮಾಂತರ ಶ್ರೇಢಿ ಅಲ್ಲ ಅಂತ ತಿದ್ದಿಕೊಂಡು, ಆ ದಿನ ಪೂರ್ತಿ ಅದರ ಮೇಲೆಯೇ ಪಾಠ ನಡೆಯಿತು. ಸಾಮಾನ್ಯ ವ್ಯತ್ಯಾಸ ಅಂದರೆ ಏನು ಅಂತ ನಾನು ಅಷ್ಟು ಚೆನ್ನಾಗಿ ಎಂದೂ ಹೇಳಿಕೊಟ್ಟಿರಲಿಲ್ಲ.

ತೆಲುಗಿನ ಪ್ರಯೋಗವೂ ಗೆದ್ದಿತು. ‘ತಂದೆಯ ವಯಸ್ಸು ಮಗನ ವಯಸ್ಸಿನ ಮೂರರಷ್ಟು’ ಅಂದರೆ ಎಷ್ಟೋ ಮಕ್ಕಳು ತಂದೆಯ ಚರಾಕ್ಷರಕ್ಕೇ 3 ಅಂಟಿಸುತ್ತಾರೆ. ವಾಕ್ಯವನ್ನು ಪಕ್ಕದವರಿಗೆ ಮನೆ ಮಾತಿನಲ್ಲಿ ಹೇಳು, ಮಗನಿಗೆ ಹತ್ತು ವರ್ಷ ಅಂತ ಇಟ್ಟುಕೊಂಡು ಅಪ್ಪನಿಗೆ ಎಷ್ಟು ಅಂತ ಹೇಳು, ಆಮೇಲೆ ಪೆನ್ನು ಹಿಡಿ ಅಂದೆ. ಈ ತಪ್ಪು ಎರಡು ವಾರದಲ್ಲಿ ಹತ್ತಿರ ಹತ್ತಿರ ಮಾಯವಾಯಿತು. ಸೂತ್ರಗಳನ್ನು ಹಾಡು ಮಾಡಿಸಿದ್ದು ಮಾತ್ರ ಉಪಯೋಗಕ್ಕೆ ಬರಲಿಲ್ಲ. ಹಾಡು ಚೆನ್ನಾಗಿ ಬರುತ್ತದೆ, ಬೆಲೆ ಹಾಕುವಾಗ ಅದೇ ಮೈನಸ್.

ಖರ್ಚು ಹೇಳಿಬಿಡುತ್ತೇನೆ. ಜೆರಾಕ್ಸ್ ಪುಟಕ್ಕೆ ಒಂದು ರೂಪಾಯಿ. ದಿನಕ್ಕೆ ಮೊದಲು 25, ಆಮೇಲೆ 15 ಹಾಳೆ. ಭಾನುವಾರ, ಹಬ್ಬ, ಜಾತ್ರೆ ಕಳೆದು ಒಟ್ಟು 800 ಆಗಿರಬಹುದು. ನಕ್ಷೆ ಹಾಳೆಗೆ 250, ಹಸಿರು ಪೆನ್ನಿಗೆ 200. ಎಸ್‌ಡಿಎಂಸಿಯವರು, ಅಂದರೆ ಶಾಲಾಭಿವೃದ್ಧಿ ಸಮಿತಿಯವರು, ಸಾವಿರ ಕೊಟ್ಟರು. ನನ್ನ ಕೈಯಿಂದ ಹೋಗಿದ್ದು ಮುನ್ನೂರು ರೂಪಾಯಿಯೊಳಗೆ. ಆ ಟ್ಯಾಬ್ ಈಗ ಹಾಜರಾತಿಗೆ ಬಳಕೆಯಾಗುತ್ತಿದೆ.

ಪರೀಕ್ಷೆಗೆ ಮುಂಚೆ ನಡೆದ ಕೊನೆಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಮತ್ತೆ ಹಸಿರು ಗೆರೆ ಎಳೆದು ಎಣಿಸಿದೆ. ಅದೇ ಐದು ಜಾಗದಲ್ಲಿ 60ರ ಆಸುಪಾಸು. ಬೀಜಗಣಿತದ ನಾಲ್ಕು ಪಾಠಕ್ಕೆ 80ರಲ್ಲಿ ಸುಮಾರು 25 ಅಂಕ ಬರುತ್ತದೆ. ನಮ್ಮ ಮಧ್ಯಮ ಮಕ್ಕಳು ಅದರಲ್ಲಿ ಮೊದಲು ಆರೇಳು ತೆಗೆಯುತ್ತಿದ್ದರು, ಈಗ 14, 15ಕ್ಕೆ ಬಂದರು. ಬೀಜಗಣಿತ ಸುಧಾರಿಸಿದರೆ ನಿರ್ದೇಶಾಂಕ ರೇಖಾಗಣಿತವೂ ತ್ರಿಕೋನಮಿತಿಯೂ ತಾನಾಗಿ ಎರಡೆರಡು ಅಂಕ ಮೇಲೆ ಬರುತ್ತವೆ. ಅಲ್ಲಿಯೂ ಮುರಿಯುವುದು ಇವೇ ಸಾಲುಗಳು.

ಮೇ ಮೊದಲ ವಾರ ಫಲಿತಾಂಶ ಬಂತು. ಗಣಿತದಲ್ಲಿ ಹೆಚ್ಚು ತೆಗೆದವನಿಗೆ 80ಕ್ಕೆ 77. ಮೂರು ದಿನ ಮನೆಯಲ್ಲಿ ಕೂತ ಆ ಹುಡುಗಿಗೆ 61. ಹೆಡ್‌ಮಾಸ್ಟರ್ ಬೆಳಿಗ್ಗೆಯೇ ಫೋನ್ ಮಾಡಿ, ‘ಮೇಡಂ, ಆ ಚೀಟಿ ಡಬ್ಬ ಎಲ್ಲೂ ಎಸೀಬೇಡಿ’ ಅಂದರು. ಉಳಿದ ಆರು ಮಕ್ಕಳನ್ನು ಮೇ ಬಿಸಿಲಿನಲ್ಲಿ ಹುಣಸೆ ಮರದ ಕೆಳಗೆ ಕೂರಿಸಿ ಅದೇ ಚೀಟಿ ಹಿಡಿಸಿದೆ. ಪರೀಕ್ಷೆ-2ರಲ್ಲಿ ನಾಲ್ಕು ಜನ ದಾಟಿದರು.

ಚೀಟಿಗಳ ಕಟ್ಟು ಕೊಡಿ ಅಂತ ಅಕ್ಕಪಕ್ಕದ ಶಾಲೆಯವರು ಕೇಳುತ್ತಿದ್ದಾರೆ. ಕೊಡುತ್ತೇನೆ, ಆದರೆ ನಿಮ್ಮ ಮಕ್ಕಳ ಪತ್ರಿಕೆಯಲ್ಲಿ ಹಸಿರು ಗೆರೆ ಎಳೆಯದೆ ಅದನ್ನು ಬಳಸಬೇಡಿ. ನಮ್ಮಲ್ಲಿ ಅಪವರ್ತನ ಅಷ್ಟು ಕೆಟ್ಟಿರಲಿಲ್ಲ, ಇನ್ನೊಂದು ಶಾಲೆಯಲ್ಲಿ ಅದೇ ಮೊದಲ ಜಾಗದಲ್ಲಿತ್ತು. ನನಗೆ ಇನ್ನೂ ಬಗೆಹರಿಯದೆ ಉಳಿದಿರುವುದು ನಕ್ಷೆಯ ಪ್ರಮಾಣ. ಕೋಷ್ಟಕ ಸರಿಯಾಗಿ ಬರೆದ ಮಗು ಹಾಳೆಯ ಮೇಲೆ ಒಂದು ಸೆಂಟಿಮೀಟರಿಗೆ ಒಮ್ಮೆ 1, ಇನ್ನೊಮ್ಮೆ 2 ಅಂತ ಗುರುತಿಸಿ ನಾಲ್ಕು ಅಂಕ ಕಳೆದುಕೊಳ್ಳುತ್ತದೆ. ಅದನ್ನು ಚೀಟಿಗೆ ಇಳಿಸುವುದು ಹೇಗೆ ಅಂತ ಒಂಬತ್ತನೇ ತರಗತಿಯ ಮಕ್ಕಳ ಜೊತೆ ಈಗ ನೋಡುತ್ತಿದ್ದೇನೆ.