ಹಳೇ ರಿಜಿಸ್ಟರು, ಇದ್ದದ್ದು ಇದ್ದ ಹಾಗೆ

ಹಳೇ ಮೈಸೂರು ಸೀಮೆಯ ಶಾಲಾ ದಾಖಲಾತಿ ರಿಜಿಸ್ಟರು, ಕ್ರಯಪತ್ರ, ಇನಾಂ ಜಮೀನಿನ ಕಾಗದ ಇವನ್ನೆಲ್ಲ ಓದಿ ಕಂಪ್ಯೂಟರಿಗೆ ಇಳಿಸಿಕೊಡುವುದು ನಿವೃತ್ತಿಯಾದ ಮೇಲೆ ನಾನು ಹಿಡಿದ ಕೆಲಸ. ಹುಡುಕಿಕೊಂಡು ಬರುವವರು ಬಹುಪಾಲು ವಂಶವೃಕ್ಷದವರು. ಕೆಲವರಿಗೆ ಕೋರ್ಟಿಗೆ ಬೇಕು, ಕೆಲವರಿಗೆ ಜಾತಿ ಪ್ರಮಾಣಪತ್ರಕ್ಕೆ, ಒಂದಿಬ್ಬರಿಗೆ ಬರೀ ಕುತೂಹಲ. ಶುರುವಿನಲ್ಲೇ ಒಂದು ನಿಯಮ ಹಾಕಿಕೊಂಡೆ: ಕಾಗದದಲ್ಲಿ ಏನಿದೆಯೋ ಅದೇ ಬರಬೇಕು. ಕಾಗುಣಿತ ತಪ್ಪಿದ್ದರೆ ತಪ್ಪೇ, ಹೀನಾಯದ ಮಾತಿದ್ದರೆ ಅದೂ.

ಬರೆಯುವಾಗ ಕೈ ತಡೆಯುತ್ತದೆ, ಸುಳ್ಳು ಹೇಳುವುದಿಲ್ಲ. ಜಾತಿಯ ಕಾಲಂನಲ್ಲಿ ‘ಪಂಚಮ’ (ಅಸ್ಪೃಶ್ಯರೆಂದು ದೂರವಿಟ್ಟವರಿಗೆ ಆಗ ಬಳಸುತ್ತಿದ್ದ ಪದ) ಎಂದಿರುತ್ತದೆ, ಷರಾ ಕಾಲಂನಲ್ಲಿ ಮಗುವನ್ನು ಹೊರಗೆ ಜಗಲಿಯ ಮೇಲೆ ಕೂರಿಸಿದ ಮಾತಿರುತ್ತದೆ. ಹಾಗೆ ಬರೆದ ಮೇಷ್ಟ್ರ ಅಕ್ಷರ ಮಾತ್ರ ಮುತ್ತು ಪೋಣಿಸಿದಂತೆ.

ಜಾತಿಯ ಮಾತಿಗಿಂತ ಮೊದಲು ಹೆಸರಿನ ಮಾತು ಹೇಳಬೇಕು, ನಕಲು ಮಾಡುವವರು ಕೈಯಾಡಿಸುವುದು ಅಲ್ಲೇ ಹೆಚ್ಚು. ಹಳೇ ಕಾಗದಗಳಲ್ಲಿ ಅನುಕೂಲಸ್ಥರು ಗೌಡ, ಅಯ್ಯ, ಅಪ್ಪ ಎಂದು ಪೂರ್ತಿಯಾಗಿ ಬರುತ್ತಾರೆ. ಕೇರಿಯವರು ಬರೀ ‘ತಿಮ್ಮ ಬಿನ್ ಕರಿಯ’, ‘ಮಾರಿ ಕೋಂ ದೊಡ್ಡ’; ಬಿನ್ ಎಂದರೆ ಮಗ, ಕೋಂ ಎಂದರೆ ಹೆಂಡತಿ. ನನ್ನ ಜೊತೆ ಕೆಲಸ ಮಾಡಿದ ಒಬ್ಬ ಹುಡುಗ, ಒಳ್ಳೆಯ ಮನಸ್ಸಿನಿಂದಲೇ, ತಿಮ್ಮನನ್ನೆಲ್ಲ ತಿಮ್ಮಯ್ಯ ಮಾಡಿದ್ದ. ಅದೇ ಊರಿನಲ್ಲಿ ತಿಮ್ಮಯ್ಯ ಎಂಬ ಇನ್ನೊಬ್ಬರಿದ್ದರು, ಬೇರೆ ಮನೆತನ, ಬೇರೆ ಸರ್ವೆ ನಂಬರು. ಗೌರವ ಕೊಡಲು ಹೋಗಿ ಒಬ್ಬರ ಮಕ್ಕಳನ್ನು ಇನ್ನೊಬ್ಬರ ಮನೆಗೆ ಸೇರಿಸಿದಂತಾಗಿತ್ತು. ಸ್ಕ್ಯಾನ್ ಇದ್ದದ್ದರಿಂದ ಸರಿಯಾಯಿತು.

ಇನ್ನು ತಿಪ್ಪ, ಗುಂಡ, ಹುಚ್ಚ. ಇವು ಯಾರೋ ಹೀಯಾಳಿಸಿ ಇಟ್ಟ ಹೆಸರು ಎಂದುಕೊಂಡು ಮುಚ್ಚಿಹಾಕುವವರಿದ್ದಾರೆ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಹೊಸ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು ತಿಪ್ಪ ಎಂದು ಹೆಸರಿಡುತ್ತಿದ್ದದ್ದು ನಮ್ಮ ಕಡೆ ಎಲ್ಲರಿಗೂ ಗೊತ್ತು. ವಂಶ ಹುಡುಕುವವನಿಗೆ ಆ ಹೆಸರೇ ಒಂದು ಸುಳಿವು: ಇವನಿಗಿಂತ ಮುಂಚೆ ಆ ಮನೆಯಲ್ಲಿ ಮಕ್ಕಳು ತೀರಿಕೊಂಡಿರಬಹುದು, ಮರಣದ ರಿಜಿಸ್ಟರು ಸಿಕ್ಕರೆ ನೋಡು ಅಂತ.

ಜಾತಿಯ ಕಾಲಂ ವಿಷಯ ಈಗ ಮೊದಲಿನಂತಿಲ್ಲ. 1920ರ ದಶಕದಿಂದ ‘ಪಂಚಮ’ ಹೋಗಿ ಆದಿ ಕರ್ನಾಟಕ, ಆದಿ ದ್ರಾವಿಡ ಬಂದವು. ಅವಮಾನ ಕಳೆಯಲೆಂದು ತಂದ ಹೆಸರುಗಳು, ಅದರಲ್ಲಿ ತಪ್ಪೇನಿಲ್ಲ. ಆದರೆ ಒಂದು ಜಿಲ್ಲೆಯಲ್ಲಿ ಎ.ಕೆ. (ಆದಿ ಕರ್ನಾಟಕ) ಎಂದರೆ ಹೊಲೆಯರು, ಇನ್ನೊಂದರಲ್ಲಿ ಮಾದಿಗರು. 2024ರ ಆಗಸ್ಟ್‌ನಲ್ಲಿ ಒಳವರ್ಗೀಕರಣಕ್ಕೆ, ಅಂದರೆ ಪರಿಶಿಷ್ಟ ಜಾತಿಯ ಮೀಸಲಾತಿಯನ್ನು ಒಳಗಿನ ಜಾತಿಗಳಿಗೆ ಹಂಚುವುದಕ್ಕೆ, ಸುಪ್ರೀಂ ಕೋರ್ಟ್ ಒಪ್ಪಿತು. ಮರುವರ್ಷ ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗದ ಸಮೀಕ್ಷೆ ಮನೆಬಾಗಿಲಿಗೆ ಬಂತು. ಆಗ ಎಷ್ಟೋ ಮನೆಗಳಲ್ಲಿ ಮೂಲಜಾತಿ ಯಾವುದೆಂದು ಹೇಳುವವರೇ ಇರಲಿಲ್ಲ. ನನ್ನ ಹತ್ತಿರ ಬಂದವರಲ್ಲಿ ಒಂದು ಮನೆಯವರಿಗೆ ಉತ್ತರ ಸಿಕ್ಕಿದ್ದು ಅವರ ಮುತ್ತಾತನ ದಾಖಲಾತಿಯಲ್ಲಿ. ಮೊದಲು ಕಪ್ಪು ಶಾಯಿಯಲ್ಲಿ ಹಳೇ ಹೆಸರು, ಯಾರೋ ಅದರ ಮೇಲೆ ಕೆಂಪು ಗೆರೆ ಎಳೆದು ಪಕ್ಕದಲ್ಲಿ ‘ಆ.ಕ.’ ಎಂದು ಬರೆದಿದ್ದರು. ಗೆರೆ ತೆಳ್ಳಗಿತ್ತು, ಕೆಳಗಿನ ಅಕ್ಷರ ಓದಬಹುದಾಗಿತ್ತು. ನಾನು ಎರಡನ್ನೂ ಬರೆದೆ, ಹೊಡೆದುಹಾಕಿದೆ ಎಂಬುದನ್ನೂ, ಶಾಯಿಯ ಬಣ್ಣವನ್ನೂ. ಅದನ್ನೇ ನಾನು ‘ಪ.ಜಾ.’ ಎಂದು ಸಭ್ಯವಾಗಿ ಟೈಪ್ ಮಾಡಿಟ್ಟಿದ್ದರೆ ಆ ಮನೆಯವರು ಬಂದ ದಾರಿಗೆ ಸುಂಕವಿಲ್ಲದೆ ಹೋಗುತ್ತಿದ್ದರು.

ಹುಬ್ಬಳ್ಳಿ ಕಡೆಯ ಪರಿಚಯದವರೊಬ್ಬರು ಸೆಟ್ಲಮೆಂಟಿನ (ಅಪರಾಧಿ ಬುಡಕಟ್ಟು ಎನಿಸಿಕೊಂಡವರನ್ನು ಸರ್ಕಾರ ಕೂಡಿಹಾಕಿದ್ದ ವಸತಿಯ) ಕಾಗದ ತಂದಾಗಲೂ ಇದೇ ಮಾತು ಬಂತು. 1871ರ ಕಾಯ್ದೆ ಇಡೀ ಸಮುದಾಯಗಳನ್ನು ಅಪರಾಧಿ ಬುಡಕಟ್ಟು ಎಂದು ಪಟ್ಟಿಗೆ ಸೇರಿಸಲು ದಾರಿ ಮಾಡಿತು, 1952ರಲ್ಲಿ ಆ ಬಗೆಯ ಕಾಯ್ದೆ ರದ್ದಾಯಿತು. ನಡುವಿನ ಕಾಗದಗಳಲ್ಲಿ ತಾತನ ಹೆಸರಿನ ಮುಂದೆ ಆ ಹಣೆಪಟ್ಟಿ ಇದ್ದೇ ಇರುತ್ತದೆ. ‘ಅಲೆಮಾರಿ ಸಮುದಾಯ’ ಎಂದು ತಿದ್ದಿದರೆ ಸರ್ಕಾರ ಮಾಡಿದ್ದೇ ಮರೆಯಾಗುತ್ತದೆ.

ಕೆಲಸದ ರೀತಿ ಸರಳ. ಮೊದಲು ಪುಟದ ಸ್ಕ್ಯಾನ್, ಅಂಚಿನ ಗೀಚು ಕೂಡ ಕಾಣುವಂತೆ. ಶೀಟಿನಲ್ಲಿ ಒಂದು ಕಾಲಂ ಮೂಲದ್ದು, ಅದನ್ನು ಲಾಕ್ ಮಾಡಿರುತ್ತೇನೆ. ಪಕ್ಕದ ಕಾಲಂನಲ್ಲಿ ಹುಡುಕಲು ಈಗಿನ ರೂಪಗಳು: ತಿಮ್ಮಯ್ಯ, ತಿಮ್ಮಪ್ಪ, ಪರಿಶಿಷ್ಟ ಜಾತಿ. ನನ್ನ ಮಾತು ಏನಿದ್ದರೂ ಚೌಕ ಕಂಸದೊಳಗೆ. ಓದಲಾಗದ್ದಕ್ಕೆ ಚುಕ್ಕಿ, ಊಹೆ ಮಾಡುವುದಿಲ್ಲ. ಮೊದಲ ಹಾಳೆಯಲ್ಲಿ ಎರಡು ಸಾಲು: ಒಳಗೆ ನೋಯಿಸುವ ಮಾತುಗಳಿವೆ, ಅವು ಆ ಕಾಲದ ಬರವಣಿಗೆಯವು, ನನ್ನವಲ್ಲ.

ಇದ್ದ ಹಾಗೆ ಉಳಿಸುವುದು ಅಂದರೆ ಎಲ್ಲರ ಕಣ್ಣಿಗೂ ಹಾಕುವುದು ಅಂತಲ್ಲ. ಸಣ್ಣ ಊರು; ಇಂಥವರ ಮನೆ ಎಂದರೆ ಈಗಲೂ ಬೆರಳು ತೋರಿಸುತ್ತಾರೆ. ಹಾಗಾಗಿ ಹೆಸರಿರುವ ಪುಟವನ್ನು ಆ ಮನೆಯವರಿಗಷ್ಟೇ ಕೊಡುತ್ತೇನೆ. ವಾಟ್ಸಾಪ್ ಗುಂಪಿಗೆ ಫೋಟೋ ಕಳಿಸಿ ಎಂದವರಿಗೆ ಇಲ್ಲ ಎಂದಿದ್ದೇನೆ, ಬೇಸರ ಮಾಡಿಕೊಂಡವರೂ ಇದ್ದಾರೆ.

ಕಳೆದ ತಿಂಗಳು ಒಬ್ಬ ಯುವಕ ಬಂದಿದ್ದ, ಬ್ಯಾಂಕ್ ಉದ್ಯೋಗಿ. ಪುಟ ನೋಡಿ ಮುಖ ಸಣ್ಣದಾಯಿತು. “ಮೇಷ್ಟ್ರೇ, ನಮ್ಮ ತಾತನ ಹೆಸರಿನ ಮುಂದೆ ಇದನ್ನ ಹೀಗೇ ಬಿಡ್ತೀರಾ? ನಾಳೆ ನನ್ನ ಮಗಳು ಓದೋಲ್ವಾ?” ಅವನ ನೋವಿಗೆ ನನ್ನಲ್ಲಿ ವಾದವಿರಲಿಲ್ಲ. ಕಡತ ತಿದ್ದುವುದಿಲ್ಲ ಎಂದೆ. ಮನೆಯಲ್ಲಿಡಲು ಜಾತಿ, ಷರಾ ಕಾಲಂ ಬಿಟ್ಟು ಒಂದು ಪ್ರಿಂಟ್ ತೆಗೆದುಕೊಟ್ಟು, ಎರಡು ಕಾಲಂ ಬಿಡಲಾಗಿದೆ ಎಂದು ಕೆಳಗೆ ಬರೆದೆ. ಅವನ ಸೋದರತ್ತೆಯ ಮಗ ತನಗೆ ಪೂರ್ತಿ ಪ್ರತಿಯೇ ಬೇಕು ಎಂದು ಮೆಸೇಜ್ ಹಾಕಿದ್ದಾನೆ. ಈ ವಾರ ಅದನ್ನೂ ಕಳಿಸಬೇಕು.