ಹೊಳ್ಳಿ ಬರುವ ಬಸ್ಸನ್ನು ಮೊದಲು ಗೊತ್ತು ಮಾಡಿಕೊಂಡು: ನನ್ನ ಅನುಭವ

ಕಲಬುರಗಿಯಿಂದ ಸನ್ನತಿಗೆ ಬಸ್ಸಿನಲ್ಲಿ ಹೋಗಿಬರಬಹುದೇ ಎಂದು ಆರು ವರ್ಷಗಳ ಹಿಂದೆ ಯಾರಾದರೂ ಕೇಳಿದ್ದರೆ ನಾನು ಧೈರ್ಯವಾಗಿ ಹೌದು ಎನ್ನುತ್ತಿದ್ದೆ. ಹೋಗುವ ಬಸ್ಸಿನ ವೇಳೆ ನನಗೆ ಗೊತ್ತಿತ್ತು. ಬರುವ ಬಸ್ಸಿನ ವೇಳೆಯನ್ನು ಮಾತ್ರ ವಿಚಾರಿಸಿರಲಿಲ್ಲ. ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವ ನಾನು, ಪಾಠದಲ್ಲಿ ಬರುವ ಸ್ಥಳಗಳನ್ನು ನಮ್ಮ ಊರಿನವರೇ ನೋಡಿಲ್ಲವೆಂಬ ಕಳವಳದಿಂದ, ಸಹೋದ್ಯೋಗಿಗಳು ಮತ್ತು ಅವರ ಮನೆಯವರು ಸೇರಿ ಹದಿನಾಲ್ಕು ಜನರನ್ನು ಆ ಭಾನುವಾರ ಹೊರಡಿಸಿದ್ದೆ. ಚಂದ್ರಲಾ ಪರಮೇಶ್ವರಿಯ ಗುಡಿ, ಅಲ್ಲಿ ದೊರೆತ ಅಶೋಕನ ಶಾಸನದ ಕತೆ, ಸಮೀಪದ ಕನಗನಹಳ್ಳಿಯ ಸ್ತೂಪ, ಅಶೋಕನ ಹೆಸರನ್ನೇ ಕೆತ್ತಿರುವ ಶಿಲ್ಪ ಇವೆಲ್ಲವನ್ನೂ ವಿವರಿಸುತ್ತ ನಿಂತವನಿಗೆ ಹೊತ್ತು ಇಳಿದದ್ದು ತಿಳಿಯಲಿಲ್ಲ. ಬಸ್ಸು ನಿಲ್ಲುವಲ್ಲಿಗೆ ಬಂದು ಚಹಾದಂಗಡಿಯಲ್ಲಿ ಕೇಳಿದಾಗ ಅಂಗಡಿಯ ಹಿರಿಯರು, "ಸಂಜಿ ಬಸ್ಸ ಊರಿಗೆ ಬರ್ತದ್ರಿ ಮಾಸ್ತರ್ರ, ಊರಿಂದ ಹೋಗಂಗಿಲ್ಲ. ರಾತ್ರಿ ವಸ್ತಿ ಇಲ್ಲೇ, ನಸುಕಿನ್ಯಾಗ ಹೊಂಡ್ತದ" ಎಂದರು. ಕೊನೆಗೆ ಬಾಡಿಗೆಗೆ ಗಾಡಿ ಹಿಡಿದು, ನಿದ್ದೆಗೆ ಜಾರಿದ ಮಕ್ಕಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ನಡುರಾತ್ರಿಗೆ ಊರು ಸೇರಿದೆವು. ಬಸ್ಸಿನ ಸಹವಾಸ ಬೇಡವೆಂದು ಆ ಹದಿನಾಲ್ಕರಲ್ಲಿ ಹನ್ನೆರಡು ಜನ ಅಂದೇ ತೀರ್ಮಾನಿಸಿದರು.

ನನಗೆ ಮಾತ್ರ ಆ ಹಿರಿಯರ ಮಾತು ತಲೆಯಲ್ಲಿ ಉಳಿಯಿತು. ನಮ್ಮ ಭಾಗದ ಹಳ್ಳಿಗಳ ಬಸ್ಸುಗಳನ್ನು ಹಳ್ಳಿಯವರ ದಿನಚರಿಗೆ ತಕ್ಕಂತೆ ಹೆಣೆಯಲಾಗಿದೆ. ವಸ್ತಿ ಬಸ್ಸು ರಾತ್ರಿ ಊರಿನಲ್ಲಿ ತಂಗಿ, ಬೆಳಗಿನ ಜಾವ ಕಾಲೇಜಿನ ಹುಡುಗರನ್ನು, ದವಾಖಾನೆಗೆ, ಕಚೇರಿಗೆ, ಸಂತೆಗೆ ಹೋಗುವವರನ್ನು ಪಟ್ಟಣಕ್ಕೆ ತರುತ್ತದೆ. ಸಂಜೆ ಅವರನ್ನೇ ಮರಳಿ ಮುಟ್ಟಿಸುತ್ತದೆ. ಪಟ್ಟಣದಿಂದ ಸ್ಮಾರಕ ನೋಡಲು ಹೊರಟವನು ಈ ಹರಿವಿಗೆ ಎದುರಾಗಿ ನಡೆಯುತ್ತಾನೆ. ಇದರಿಂದ ಅವನಿಗೆ ಸಂಜೆ ಮರಳುವ ಬಸ್ಸು ಕಡಿಮೆ ಎಂಬುದು ನಿಜ. ಆದರೆ ಬೆಳಿಗ್ಗೆ ಪಟ್ಟಣದಿಂದ ಹೊರಡುವ ಬಸ್ಸಿನಲ್ಲಿ ಅರ್ಧದಷ್ಟು ಆಸನಗಳು ಖಾಲಿ ಇರುತ್ತವೆ ಎಂಬುದೂ ಅಷ್ಟೇ ನಿಜ. ಆ ಬಸ್ಸು ನಾವು ಹತ್ತಲಿ ಬಿಡಲಿ ಓಡಿಯೇ ಓಡುತ್ತದೆ. ಅದರ ಖಾಲಿ ಆಸನದಲ್ಲಿ ಪ್ರವಾಸಿಗನೊಬ್ಬ ಕುಳಿತರೆ ಹೆಚ್ಚುವರಿಯಾಗಿ ಸುಡುವ ಡೀಸೆಲ್ ಇಲ್ಲವೆಂದೇ ಹೇಳಬೇಕು. ಪರಿಸರಕ್ಕೆ ಹಿತವಾದ ಪ್ರವಾಸಕ್ಕೆ ಹೊಸ ವಾಹನಗಳೇ ಬೇಕೆಂದು ಮಾತನಾಡುವವರಿಗೆ ನಾನು ಮೊದಲು ತೋರಿಸುವುದು ಈ ಖಾಲಿ ಆಸನಗಳನ್ನು.

ತುಂಬಿದ ಬಸ್ಸಿನ ಲೆಕ್ಕವನ್ನೂ ಮಕ್ಕಳಿಂದ ಮಾಡಿಸಿದ್ದೇನೆ. ಕಲಬುರಗಿಯಿಂದ ಹುಮನಾಬಾದ್ ಮಾರ್ಗವಾಗಿ ಬೀದರ್ ಸುಮಾರು 115 ಕಿ.ಮೀ. ಲೀಟರಿಗೆ 5 ಕಿ.ಮೀ. ಓಡುವ ಬಸ್ಸಿಗೆ 23 ಲೀಟರ್ ಡೀಸೆಲ್ ಬೇಕು. 50 ಜನ ಕುಳಿತರೆ ತಲೆಗೆ ಅರ್ಧ ಲೀಟರೂ ಬೀಳುವುದಿಲ್ಲ. ಲೀಟರಿಗೆ 15 ಕಿ.ಮೀ. ಕೊಡುವ ಕಾರಿನಲ್ಲಿ ನಾಲ್ವರು ಹೋದರೆ ತಲೆಗೆ ಹತ್ತಿರ ಹತ್ತಿರ 2 ಲೀಟರ್ ಆಗುತ್ತದೆ. ಜೊತೆಗೆ, ಕೋಟೆಯ ಬಾಗಿಲಲ್ಲಿ ಒಂದು ಬಸ್ಸಿನ ಜನರಿಗೆ ಬದಲಾಗಿ ಹನ್ನೆರಡು ಹದಿಮೂರು ಕಾರು ನಿಂತರೆ ಆ ಕಿರಿದಾದ ದಾರಿಯ ಗತಿ ಏನಾಗುತ್ತದೆ ಎಂಬುದನ್ನು ಜನವರಿಯ ರಜೆಗಳಲ್ಲಿ ಯಾರಾದರೂ ಕಣ್ಣಾರೆ ನೋಡಬಹುದು.

ಸನ್ನತಿಯ ಆ ರಾತ್ರಿಯ ನಂತರ ನನ್ನ ಕ್ರಮವನ್ನು ತಿರುವು ಮುರುವು ಮಾಡಿದೆ. ಈಗ ಯಾವುದೇ ಸ್ಥಳದ ಯೋಜನೆಯನ್ನು ಕೊನೆಯ ಬಸ್ಸಿನಿಂದ ಆರಂಭಿಸುತ್ತೇನೆ; ಕೊನೆಯದರ ಹಿಂದಿನ ಬಸ್ಸೇ ನಮ್ಮ ಬಸ್ಸು, ಕೊನೆಯದು ಆಪತ್ತಿಗೆ. ಅಲ್ಲಿಂದ ಹಿಮ್ಮುಖವಾಗಿ ಎಣಿಸಿ, ನೋಡಲು ಬೇಕಾದ ಹೊತ್ತು, ಊಟ, ನಡಿಗೆ ಇವನ್ನೆಲ್ಲ ಕಳೆದು, ಬೆಳಿಗ್ಗೆ ಎಷ್ಟಕ್ಕೆ ಹೊರಡಬೇಕೆಂದು ಗೊತ್ತು ಮಾಡುತ್ತೇನೆ. ವೇಳಾಪಟ್ಟಿಗಾಗಿ ನಿಲ್ದಾಣದ ಫಲಕವೊಂದನ್ನೇ ನಂಬಲಾಗದು, ಏಕೆಂದರೆ ಅದು ಅಲ್ಲಿಂದ ಹೊರಡುವ ವೇಳೆಯನ್ನು ಹೇಳುತ್ತದೆಯೇ ಹೊರತು ಆ ಬಸ್ಸು ಆಚೆಯ ತುದಿಯಿಂದ ಎಷ್ಟಕ್ಕೆ ಹೊಳ್ಳುತ್ತದೆ ಎಂಬುದನ್ನಲ್ಲ. ಅದನ್ನು ಬಲ್ಲವರು ಕಂಡಕ್ಟರರು ಮತ್ತು ನಿಲ್ದಾಣದ ಸಂಚಾರ ನಿಯಂತ್ರಕರು. ಕೇಂದ್ರ ಬಸ್ ನಿಲ್ದಾಣದಲ್ಲಿ ಬಸ್ಸು ನಿಂತು ಕಂಡಕ್ಟರರು ಚಹಾ ಕುಡಿಯುವ ಆ ಹತ್ತು ನಿಮಿಷದಲ್ಲಿ ನೋಟ್‌ಬುಕ್ ಹಿಡಿದು ಕೇಳುತ್ತೇನೆ: ಅಲ್ಲಿಂದ ಹೊಳ್ಳುವುದು ಎಷ್ಟಕ್ಕೆ? ಭಾನುವಾರ ಓಡುತ್ತದೆಯೇ? ಜಾತ್ರೆಯ ದಿನ? ಎರಡನೆಯ ಪ್ರಶ್ನೆ ಬಲು ಮುಖ್ಯವಾದದ್ದು. ಶಾಲೆ ಕಾಲೇಜಿನ ಮಕ್ಕಳಿಗೆಂದೇ ಇರುವ ಟ್ರಿಪ್ಪು ರಜೆಯ ದಿನ ಇಲ್ಲದಿರಬಹುದು, ಪ್ರವಾಸಿಗನು ಹೊರಡುವುದು ರಜೆಯ ದಿನವೇ. ನಾನು ಬರೆದುಕೊಂಡ ವೇಳೆಗಳನ್ನು ಇಲ್ಲಿ ಕೊಡದಿರುವುದಕ್ಕೂ ಕಾರಣ ಇದೇ; ಅವು ಬದಲಾಗುತ್ತವೆ, ಹಳೆಯ ವೇಳೆಯನ್ನು ನಂಬಿದವನು ಗೊತ್ತಿಲ್ಲದವನಿಗಿಂತ ಹೆಚ್ಚು ಕಷ್ಟಪಡುತ್ತಾನೆ.

ಯಾತ್ರಿಕರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಹುಣ್ಣಿಮೆಗೆ ಗಾಣಗಾಪುರಕ್ಕೋ ಅಮಾವಾಸ್ಯೆಗೆ ಘತ್ತರಗಿಗೋ ಹೋಗುವ ಅಜ್ಜಿಗೆ ಬಸ್ಸು ಎಲ್ಲಿ ನಿಲ್ಲುತ್ತದೆ, ಎಷ್ಟಕ್ಕೆ ಮರಳುತ್ತದೆ, ತಪ್ಪಿದರೆ ಎಲ್ಲಿ ಮಲಗಬಹುದು ಎಂಬುದೆಲ್ಲ ಬಾಯಿಪಾಠ. ತಲೆಮಾರುಗಳಿಂದ ಬಾಯಿಂದ ಬಾಯಿಗೆ ಬಂದ ಈ ತಿಳಿವಳಿಕೆ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡಕ್ಕೆ, ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್‌ನ ಬಂಗಲೆಯಾದ ಸುರಪುರದ ಟೇಲರ್ ಮಂಜಿಲ್‌ಗೆ, ಶಾಸನ ಬರೆಯುವ ಸುಂದರಿಯ ಶಿಲ್ಪವಿರುವ ಜಲಸಂಗವಿಗೆ ಇಲ್ಲ. ಸೇಡಂ ರಸ್ತೆಯಲ್ಲೇ ಇರುವ ಮಳಖೇಡಕ್ಕೆ ಬಸ್ಸಿನ ಕೊರತೆಯೇ ಇಲ್ಲ, ಆದರೂ ಕಾರಿಲ್ಲದೆ ಹೋಗಲಾಗದೆಂದು ನನ್ನೊಡನೆ ವಾದಿಸಿದವರಿದ್ದಾರೆ.

2023ರ ಜೂನ್ 11ರಂದು, ಹೆಣ್ಣುಮಕ್ಕಳು ಸಾರಿಗೆ ಬಸ್ಸಿನಲ್ಲಿ ಉಚಿತವಾಗಿ ಓಡಾಡಬಹುದಾದ ಶಕ್ತಿ ಯೋಜನೆ ಆರಂಭವಾದ ಮೇಲೆ ನನ್ನ ಗುಂಪುಗಳ ಸ್ವರೂಪವೇ ಬದಲಾಯಿತು. ಅದುವರೆಗೆ ಶಿಕ್ಷಕರು, ವಿದ್ಯಾರ್ಥಿಗಳು ಬರುತ್ತಿದ್ದರು. ಆ ವರ್ಷದ ಚಳಿಗಾಲದಲ್ಲಿ ನಮ್ಮ ಓಣಿಯ ಸ್ವಸಹಾಯ ಸಂಘದ ಹನ್ನೊಂದು ಮಂದಿ ಹೆಣ್ಣುಮಕ್ಕಳು ಬೀದರಿಗೆ ಹೊರಟರು. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಎಲ್ಲರ ಬಳಿಯೂ ಇರಬೇಕು, ಹವಾನಿಯಂತ್ರಿತ ಮತ್ತು ಐಷಾರಾಮಿ ಬಸ್ಸುಗಳಿಗೆ, ಹೈದರಾಬಾದಿನಂತಹ ಅಂತರರಾಜ್ಯ ಬಸ್ಸುಗಳಿಗೆ ಈ ಸೌಲಭ್ಯವಿಲ್ಲ ಎಂಬುದನ್ನು ಮೊದಲೇ ಹೇಳಿದ್ದೆ. ಬೆಳಗಿನ ಬಸ್ಸಿನಲ್ಲಿ ಹೋದದ್ದರಿಂದ ಎಲ್ಲರಿಗೂ ಆಸನ ಸಿಕ್ಕಿತು. ಅವರಲ್ಲಿ ಹಿರಿಯರೊಬ್ಬರು ಶೂನ್ಯ ಟಿಕೆಟನ್ನು ನಾಲ್ಕು ಮಡಿಕೆ ಮಾಡಿ ಆಧಾರ್ ಕಾರ್ಡಿನ ಹಾಳೆಯೊಳಗೆ ಇಟ್ಟುಕೊಂಡು, "ಬೀದರ್ ನಮ್ಮಕ್ಕನ ಊರ್ರಿ ಸರ್. ಇಪ್ಪತ್ತ ಸಲ ಬಂದೀನಿ, ಕಿಲ್ಲಾ ನೋಡಿಲ್ಲ" ಎಂದರು.

ಬೀದರಿನಲ್ಲಿ ನಾನು ಗುಂಪನ್ನು ಹಳೆಯ ಊರಿನ ನಡುವಿರುವ ಕಾವಲು ಗೋಪುರ ಚೌಬಾರಾದ ಬಳಿ ಇಳಿಸಿ ಅಲ್ಲಿಂದ ನಡೆಸುತ್ತೇನೆ. ಚೌಬಾರಾದಿಂದ 1472ರ ಮಹಮೂದ್ ಗವಾನ್ ಮದರಸಾ, ಅಲ್ಲಿಂದ ಕೋಟೆ. ದಾರಿ ನೇರವಾಗಿದೆ, ಕಾರಿನಲ್ಲಿ ಹೋದವರು ನೋಡದ ಬೀದರ್ ಇರುವುದು ಈ ದಾರಿಯಲ್ಲೇ. ಅಂದು ಬಿದ್ರಿ ಕೆಲಸದ ಅಂಗಡಿಯೊಂದರಲ್ಲಿ ಕುಶಲಕರ್ಮಿಯೊಬ್ಬರು ಸತು ಮತ್ತು ತಾಮ್ರದ ಹೂಜಿಯ ಮೇಲೆ ಬೆಳ್ಳಿಯ ತಂತಿ ಕೂರಿಸುತ್ತಿದ್ದರು. ಕೋಟೆಯ ಮಣ್ಣಿನಿಂದಲೇ ಅದಕ್ಕೆ ಕಪ್ಪು ಬರುತ್ತದೆಂದು ಹೇಳಿ, ಮಣ್ಣಿನ ಒಂದು ಚಿಟಿಕೆಯನ್ನು ನಾಲಗೆಗೆ ಹಚ್ಚಿ ಪರೀಕ್ಷಿಸುವುದನ್ನು ತೋರಿಸಿದರು. ನಮ್ಮ ಹೆಣ್ಣುಮಕ್ಕಳು ಅರ್ಧ ಗಂಟೆ ಅಲ್ಲಿಂದ ಕದಲಲಿಲ್ಲ. ಟಿಕೆಟ್ಟಿಗೆ ಉಳಿದ ಹಣದಲ್ಲಿ ಮೂವರು ಕುಂಕುಮದ ಭರಣಿ ಕೊಂಡರು. ಅಷ್ಟೂರಿನ ಗುಮ್ಮಟಗಳಿಗೆ ಟಂಟಂ, ಅಂದರೆ ಹೆಚ್ಚು ಜನ ಕೂರುವ ಆಟೋ, ಮಾಡಿಕೊಂಡೆವು. ಬಸ್ಸು ಇಳಿದ ಮೇಲಿನ ಇಂತಹ ಎರಡು ಮೂರು ಕಿ.ಮೀ. ದಾರಿಯೇ ಹೆಚ್ಚಿನವರನ್ನು ಹೆದರಿಸುವುದರಿಂದ, ಪ್ರತಿ ಊರಿನಲ್ಲೂ ಒಬ್ಬಿಬ್ಬರು ಟಂಟಂ ಚಾಲಕರನ್ನು ಗುರುತು ಮಾಡಿಕೊಂಡು ಬಾಡಿಗೆಯನ್ನು ಹಿಂದಿನ ದಿನವೇ ಮಾತನಾಡಿ ಇಡುತ್ತೇನೆ.

ಎಲ್ಲವೂ ನಿತ್ಯ ಓಡುವ ಲೈನ್ ಬಸ್ಸಿನಲ್ಲಿ ಆಗುತ್ತದೆಂದು ನಾನು ಹೇಳಲಾರೆ. ಒಂದೇ ದಿನ ಮೂರು ಕಡೆ ನೋಡಬೇಕೆಂದರೆ, ಇಲ್ಲವೇ ಚಿಂಚೋಳಿಯ ಕಾಡಿನ ಕಡೆ ಹೋಗಬೇಕೆಂದರೆ, ನಲವತ್ತಕ್ಕೂ ಹೆಚ್ಚು ಜನರನ್ನು ಕೂಡಿಸಿ ಸಾರಿಗೆ ಬಸ್ಸನ್ನೇ ಒಪ್ಪಂದದ ಮೇಲೆ ಗೊತ್ತು ಮಾಡುವುದು ಲೇಸು. ತಲೆಗೆ ಬೀಳುವ ಖರ್ಚು ಬಾಡಿಗೆ ಜೀಪಿಗಿಂತ ಕಡಿಮೆಯೇ ಆಗಿದೆ. ಮಾರ್ಚಿನಿಂದ ಜೂನ್ ನಡುವಿನವರೆಗೆ ನಾನು ಯಾರನ್ನೂ ಕರೆದೊಯ್ಯುವುದಿಲ್ಲ. ನಮ್ಮ ಬಿಸಿಲಿನಲ್ಲಿ ವಯಸ್ಸಾದವರನ್ನು ಬಸ್ಸಿಗಾಗಿ ಬಯಲಲ್ಲಿ ನಿಲ್ಲಿಸುವುದು ತಪ್ಪು. ಸ್ಮಾರಕಗಳ ಬಳಿ ಬಸ್ಸಿಗೆ ಕಾಯಲು ನೆರಳು, ಹೆಂಗಸರಿಗೆ ಶೌಚಾಲಯ, ಗೋಡೆಯ ಮೇಲೆ ಮರಳುವ ಬಸ್ಸಿನ ವೇಳೆ, ಈ ಮೂರನ್ನು ಕೇಳಿ ಹೋದಲ್ಲೆಲ್ಲ ಅರ್ಜಿ ಬರೆದಿದ್ದೇನೆ, ಇನ್ನೂ ಬರೆಯುತ್ತಿದ್ದೇನೆ.

ಸನ್ನತಿಗೆ ಎರಡನೆಯ ಸಲ ಹೋದಾಗ ಆ ಚಹಾದಂಗಡಿಯ ಹಿರಿಯರಿಗೆ ಒಂದು ಸಣ್ಣ ಡಬ್ಬಿ ಬಿಳಿ ಬಣ್ಣ ಕೊಟ್ಟು, ಮರಳುವ ಬಸ್ಸುಗಳ ವೇಳೆಯನ್ನು ಅಂಗಡಿಯ ಹಲಗೆಯ ಮೇಲೆ ಬರೆಯಬಹುದೇ ಎಂದು ಕೇಳಿಕೊಂಡೆ. ಅವರ ಮೊಮ್ಮಗಳು ದುಂಡಗಿನ ಅಕ್ಷರದಲ್ಲಿ ಬರೆದಳು. ಕಳೆದ ತಿಂಗಳು ಅವಳೇ ಫೋನ್ ಮಾಡಿ, "ಸರ್, ಹೊಳ್ಳಿ ಹೋಗೋ ಬಸ್ಸಿನ ಟೈಮ್ ಬದಲಾಗ್ಯಾದ, ನಾ ಅಳಿಸಿ ಬರ್ದೀನಿ, ನೀವೂ ಬರ್ಕೋರಿ" ಎಂದಳು. ನೋಟ್‌ಬುಕ್ ತೆಗೆದು ತಿದ್ದಿಕೊಂಡೆ.