ಎರಡನೇ ಭಾಷೆಯಾಗಿ ಕನ್ನಡ ಕಲಿಸುವವರಿಗೆ: ಮಕ್ಕಳ ಜೋಡಿ ಹೀಗೆ ಮಾಡಿ ನೋಡಿ

ಮಕ್ಕಳು ಬರೆದದ್ದನ್ನು ಅವರವರೇ ತಿದ್ದಿಕೊಳ್ಳಲಿ ಅಂತ ನೋಟ್‌ಬುಕ್ ಅದಲುಬದಲು ಮಾಡಿಸುತ್ತೇವೆ, ಅಲ್ವಾ? ಗೆಳೆಯರನ್ನೇ ಜೊತೆಗೆ ಕೂರಿಸಿದರೆ ಸುಮ್ನೆ ‘ಚೆನ್ನಾಗಿದೆ’ ಅಂತ ಬರೆದು ಕೊಟ್ಟುಬಿಡುತ್ತಾರೆ. ಮನೆಮಾತು ಬೇರೆ ಬೇರೆ ಇರುವವರನ್ನು ಕೂರಿಸಿ.

ಹಿಂದಿ ಮನೆಮಾತಿನ ಹುಡುಗ ‘ಬಸ್ಸು ಬಂದಳು’ ಅಂತ ಬರೆಯಬಹುದು. ಹಿಂದಿಯಲ್ಲಿ ಬಸ್ಸು ಸ್ತ್ರೀಲಿಂಗ, ಅವನ ತಪ್ಪಲ್ಲ. ತಮಿಳಿನಲ್ಲಿ ಕನ್ನಡದ ಹಾಗೆ ವಸ್ತುಗಳಿಗೆ ಬೇರೆಯೇ ಕ್ರಿಯಾರೂಪ ಇದೆ. ಹಾಗಾಗಿ ತಮಿಳು ಹುಡುಗಿಗೆ ಇದು ತಕ್ಷಣ ಕಣ್ಣಿಗೆ ಬೀಳುತ್ತದೆ. ‘ಅಜ್ಜಿ ಹಲ್ಲಿಯಲ್ಲಿ ಇದ್ದಾರೆ’ ಅಂದರೂ ಅವಳೇ ಹಿಡಿಯುತ್ತಾಳೆ, ತಮಿಳಿನಲ್ಲಿ ಳಕಾರ ಇದೆಯಲ್ಲ. (ಅಜ್ಜಿ ಹಳ್ಳಿಯಲ್ಲಿದ್ದಾರೆ, ಗೋಡೆ ಮೇಲಲ್ಲ!) ಅವಳು ‘ಬಾರತ’, ‘ಬೂಮಿ’ ಅಂತ ಬರೆದರೆ ಮಹಾಪ್ರಾಣದ ಸರದಿ ಹುಡುಗನದು. ಇಬ್ಬರಿಗೂ ಕೊಡಲು ಏನೋ ಇರುತ್ತದೆ, ಒಬ್ಬರೇ ಮೇಷ್ಟ್ರಾಗುವುದಿಲ್ಲ.

ತಿದ್ದುವ ಮೊದಲು ಜೊತೆಗಾರರ ಬರಹವನ್ನು ಗಟ್ಟಿಯಾಗಿ ಓದಿಸಿ. ಬರೆದವರು ಕೇಳಿಸಿಕೊಳ್ಳಬೇಕು. ಓದುವವರು ತಡವರಿಸಿದ ಕಡೆ ಪೆನ್ಸಿಲ್ ಗೆರೆ ಹಾಕಿದರೆ ಸಾಕು. ಆಮೇಲೆ ಅರ್ಥದ ಬಗ್ಗೆ ಒಂದು ಪ್ರಶ್ನೆ ಕೇಳಲಿ: ‘ಅಜ್ಜಿ ಮನೆಗೆ ಹೋದೆ ಅಂದೆ, ಅಲ್ಲಿ ಏನು ಮಾಡಿದೆ?’ ನನ್ನ ಪ್ರಕಾರ ಬರಹ ಬೆಳೆಯುವುದು ಈ ಪ್ರಶ್ನೆಯಿಂದಲೇ, ಕಾಗುಣಿತದಿಂದ ಅಷ್ಟಾಗಿ ಅಲ್ಲ.

ಒಂದು ಸಲಕ್ಕೆ ಒಂದೇ ಬಗೆಯ ತಪ್ಪು ಹುಡುಕಿಸಿ. ಈ ವಾರ ಕ್ರಿಯಾಪದದ ಕೊನೆ, ಮುಂದಿನ ವಾರ ಲ-ಳ. ಕೆಂಪು ಪೆನ್ನು ಮಾತ್ರ ಮಕ್ಕಳ ಕೈಗೆ ಕೊಡಬೇಡಿ, ಜಾಸ್ತಿ ಉತ್ಸಾಹ ಬಂದುಬಿಡುತ್ತದೆ.